ಗುಳಿಗೆ ಮುಗಿಯುವ ದಿನ: ಬಾಗಲಕೋಟೆ ಜಿಲ್ಲೆಯ ಅಪಸ್ಮಾರ ಸೇವೆಯೊಂದರ ಪ್ರಕರಣ ಅಧ್ಯಯನ

ಮಿದುಳಿನ ವಿದ್ಯುತ್ ಅಲೆಗಳ ಮೇಲೆ ಪಿಎಚ್‌.ಡಿ. ಮಾಡಿದ ನರವಿಜ್ಞಾನಿಯೊಬ್ಬರು ಗುಳೇದಗುಡ್ಡದ ಕಡೆಯ ತಮ್ಮ ಊರಿಗೆ ಮರಳುತ್ತಾರೆ. ಜೊತೆಗೆ ತಾವೇ ರೂಪಿಸಿದ ಇಇಜಿ ಯಂತ್ರವಿದೆ, ತಲೆಗೆ ತಂತಿ ಹಚ್ಚಿ ಆ ಅಲೆಗಳನ್ನು ದಾಖಲಿಸುವಂಥದ್ದು. ಊಟದ ಡಬ್ಬಿಯಷ್ಟು ಗಾತ್ರ, 21 ತಂತಿ, ಲ್ಯಾಪ್‌ಟಾಪಿಗೆ ಜೋಡಿಸಿದರೆ ಸಾಕು. ಅವರ ಮುಂದೆ ಮೂರು ಕೆಲಸ. ಈ ಅಗ್ಗದ ಯಂತ್ರ ದೊಡ್ಡಾಸ್ಪತ್ರೆಯ ಯಂತ್ರದಷ್ಟೇ ನೆಚ್ಚಿಕೆಯದೆಂದು ಸಂಶೋಧನೆಯಿಂದ ತೋರಿಸಬೇಕು. ಅದನ್ನು ತಯಾರಿಸಿ ಮಾರುವ ತಮ್ಮ ಸಣ್ಣ ಕಂಪನಿ ತನ್ನ ಕಾಲ ಮೇಲೆ ನಿಲ್ಲಬೇಕು. ಅಪಸ್ಮಾರದಿಂದ, ಅಂದರೆ ಮೂರ್ಛೆರೋಗದಿಂದ, ಫಿಟ್ಸ್ ಬರುತ್ತಿದ್ದರೂ ಮದ್ದಿಲ್ಲದೆ ಕುಳಿತವರಿಗೆ ಮದ್ದು ಸಿಗಬೇಕು. ಬಾದಾಮಿ, ಗುಳೇದಗುಡ್ಡ ಸುತ್ತಿನ ಸುಮಾರು 1 ಲಕ್ಷ ಜನ, ತಾಲೂಕು ಮಟ್ಟದ ಒಂದು ಸರ್ಕಾರಿ ಆಸ್ಪತ್ರೆ, 18 ತಿಂಗಳ ಅನುದಾನ: ಇವರ ಪಾಲಿಗೆ ಬಂದದ್ದು ಇಷ್ಟು.

ಸನ್ನಿವೇಶವನ್ನು ತರಬೇತಿಗೆಂದು ಕಟ್ಟಿದ್ದು. ವ್ಯಕ್ತಿ, ಆಸ್ಪತ್ರೆ, ಕಂಪನಿ ಇಂಥದ್ದೇ ಎಂದು ಯಾರೂ ಹುಡುಕಬೇಕಿಲ್ಲ. ಖರ್ಚಿನ ಅಂಕಿಗಳು ಲೆಕ್ಕಕ್ಕೆಂದು ಹಿಡಿದವು. ರೋಗ, ಯಂತ್ರ, ಕಾನೂನಿನ ವಿವರಗಳು ಮಾತ್ರ ಇದ್ದದ್ದು ಇದ್ದ ಹಾಗೆ. ಮೊದಲೇ ಒಂದು ಮಾತು: ಇಂಥ ಯೋಜನೆಗಳಲ್ಲಿ ಎಲ್ಲರ ಕಣ್ಣು ಯಂತ್ರದ ಮೇಲೆ ಇರುತ್ತದೆ, ರೋಗಿಯ ಬದುಕು ಗುಳಿಗೆಯ ಮೇಲೆ ನಿಂತಿರುತ್ತದೆ. ಈ ಪ್ರಕರಣದ ಎಲ್ಲ ಎಡವಟ್ಟುಗಳೂ ಅಲ್ಲಿಂದಲೇ ಹುಟ್ಟಿದವು.

ಎಷ್ಟು ಜನರಿಗೆ ಬೇಕು?

ನಿಮ್ಹಾನ್ಸ್ ತಂಡ ಬೆಂಗಳೂರು ನಗರ ಮತ್ತು ಗ್ರಾಮಾಂತರದಲ್ಲಿ ನಡೆಸಿ 2004ರಲ್ಲಿ ಪ್ರಕಟಿಸಿದ ಸಮೀಕ್ಷೆಯಲ್ಲಿ ಅಪಸ್ಮಾರದ ಪ್ರಮಾಣ ಸಾವಿರಕ್ಕೆ 8.8 ಇತ್ತು. ನಗರದಲ್ಲಿ 5.7, ಹಳ್ಳಿಯಲ್ಲಿ 11.9, ಅಂದರೆ ಹಳ್ಳಿಯಲ್ಲಿ ದುಪ್ಪಟ್ಟು. ಆ ಅಂಕಿಯನ್ನು ಬಾಗಲಕೋಟೆಗೆ ಹಾಗೇ ತಂದು ಹಚ್ಚುವುದು ಸರಿಯಲ್ಲ. ಆದರೆ ಎರಡು ತುದಿಗಳನ್ನು ಹಿಡಿದು ಯೋಜನೆ ಹಾಕಬಹುದು: ಲಕ್ಷಕ್ಕೆ 570ರಿಂದ 1,190 ಜನ. ಸರಿಯಾದ ಮದ್ದು ಸಿಕ್ಕರೆ ಇವರಲ್ಲಿ ನೂರಕ್ಕೆ 70 ಜನರವರೆಗೂ ಫಿಟ್ಸ್ ಇಲ್ಲದೆ ಬಾಳಬಹುದು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಆ ಮದ್ದುಗಳು ಹೊಸವೂ ಅಲ್ಲ, ದುಬಾರಿಯೂ ಅಲ್ಲ. ಫಿನೋಬಾರ್ಬಿಟೋನ್ ನೂರು ವರ್ಷಕ್ಕೂ ಹಳೆಯದು.

ದಾರಿಯೂ ಹೊಸದಲ್ಲ. 1980ರ ದಶಕದಲ್ಲಿ ಬಳ್ಳಾರಿ ಜಿಲ್ಲೆಯಲ್ಲಿ ನಿಮ್ಹಾನ್ಸ್ ನಡೆಸಿದ ಮಾನಸಿಕ ಆರೋಗ್ಯ ಪ್ರಯೋಗದಲ್ಲಿ ಅಪಸ್ಮಾರವೂ ಸೇರಿತ್ತು. ಪ್ರಾಥಮಿಕ ಆರೋಗ್ಯ ಕೇಂದ್ರದ ಸಾಮಾನ್ಯ ವೈದ್ಯರಿಗೆ ತರಬೇತಿ ಕೊಟ್ಟು ಅಲ್ಲಿಯೇ ಮದ್ದು ಹಂಚಲಾಗಿತ್ತು. ಬಳ್ಳಾರಿಯ ವೈದ್ಯರು ಇಇಜಿ ಇಲ್ಲದೆ ಕೆಲಸ ಮಾಡಿದ್ದರು ಎಂಬುದನ್ನು ಈ ವಿಜ್ಞಾನಿ ಮೊದಲ ತಿಂಗಳಲ್ಲೇ ನೆನೆದಿದ್ದರೆ ಒಂದು ತಪ್ಪು ತಪ್ಪುತ್ತಿತ್ತು.

ಶಿಬಿರದ ತಪ್ಪು

ಯಂತ್ರ ಹಗುರ, ಹಳ್ಳಿ ಹತ್ತಿರ. ಹಾಗಾಗಿ "ಉಚಿತ ಮಿದುಳು ತಪಾಸಣಾ ಶಿಬಿರ" ಎಂಬ ಯೋಚನೆ ತಾನಾಗಿ ಬರುತ್ತದೆ. ಬ್ಯಾನರ್ ಕಟ್ಟಬಹುದು, ಫೋಟೋ ಬರುತ್ತದೆ, ಅನುದಾನ ಕೊಟ್ಟವರಿಗೂ ಸಂತೋಷ. ಅಲೆಗಳಲ್ಲಿ ಚೂಪು ಏರಿಳಿತ ಗುರುತಿಸುವ ತಂತ್ರಾಂಶವೂ ಜೊತೆಗಿದೆ.

ಲೆಕ್ಕ ಹಾಕಿ ನೋಡಿ. ತಂತ್ರಾಂಶ ನೂರು ರೋಗಿಗಳಲ್ಲಿ 90 ಜನರನ್ನು ಹಿಡಿಯುತ್ತದೆ, ನೂರು ಆರೋಗ್ಯವಂತರಲ್ಲಿ 90 ಜನರನ್ನು ಸರಿಯಾಗಿ ಬಿಟ್ಟುಬಿಡುತ್ತದೆ ಎಂದೇ ಹಿಡಿಯೋಣ. ನಿಜದಲ್ಲಿ ಒಮ್ಮೆ ಮಾಡಿದ ಇಇಜಿ ಅಪಸ್ಮಾರವಿರುವವರಲ್ಲಿ ಸುಮಾರು ಅರ್ಧದಷ್ಟು ಜನರಲ್ಲಿ ಮಾತ್ರ ಗುರುತು ತೋರಿಸುತ್ತದೆ, ಆದರೂ ಹಿಡಿಯೋಣ. ಶಿಬಿರಕ್ಕೆ 1,000 ಜನ ಬಂದರು, ಅವರಲ್ಲಿ 10 ಜನರಿಗೆ ಅಪಸ್ಮಾರವಿದೆ. ತಂತ್ರಾಂಶ 9 ಜನರನ್ನು ಹಿಡಿಯಿತು. ಉಳಿದ 990 ಜನರಲ್ಲಿ 99 ಜನರಿಗೂ ತಪ್ಪಾಗಿ "ರೋಗವಿದೆ" ಎಂಬ ಚೀಟಿ ಕೊಟ್ಟಿತು. ಒಟ್ಟು 108 ಚೀಟಿ, ಅದರಲ್ಲಿ ನಿಜವಾದವು 9. ಉಳಿದ 99ರಲ್ಲಿ ಒಂದು ಚೀಟಿ ಮದುವೆ ಮಾತುಕತೆ ನಡೆದಿರುವ ಹುಡುಗಿಯ ಕೈಯಲ್ಲಿದ್ದರೆ? ಹಿಂದೂ ವಿವಾಹ ಕಾಯ್ದೆಯಿಂದ ಅಪಸ್ಮಾರದ ಉಲ್ಲೇಖವನ್ನು 1999ರಲ್ಲೇ ತೆಗೆದುಹಾಕಲಾಗಿದೆ. ಓಣಿಯ ಬಾಯಿಂದ ಅದಿನ್ನೂ ಹೋಗಿಲ್ಲ. ಆರೋಗ್ಯವಂತರ ತಲೆಗೆ ತಂತಿ ಹಚ್ಚುವ ಶಿಬಿರವನ್ನು ಯಾವ ಕಾರಣಕ್ಕೂ ಮಾಡಬಾರದು ಎಂಬುದು ನಮ್ಮ ಖಚಿತ ನಿಲುವು.

ಅದೇ ತಂತ್ರಾಂಶವನ್ನು, ಫಿಟ್ಸ್ ಬಂದದ್ದನ್ನು ಕಣ್ಣಾರೆ ಕಂಡವರ ಮಾತಿನ ಮೇಲೆ ವೈದ್ಯರು ಕಳಿಸಿದ 100 ಜನರಿಗೆ ಬಳಸಿ. ಅವರಲ್ಲಿ 40 ಜನರಿಗೆ ರೋಗವಿದ್ದರೆ 36 ಸಿಗುತ್ತವೆ. 60 ಜನರಲ್ಲಿ ತಪ್ಪು 6. 42ರಲ್ಲಿ 36 ನಿಜ. ಯಂತ್ರ ಬದಲಾಗಿಲ್ಲ, ಅದರ ಮುಂದೆ ಕೂತವರು ಬದಲಾಗಿದ್ದಾರೆ.

ಹಾಗಾಗಿ ಶಿಬಿರ ಬಿಟ್ಟು ಆಶಾ ಕಾರ್ಯಕರ್ತೆಯರ ಕೈಗೆ ನಾಲ್ಕು ಪ್ರಶ್ನೆ ಕೊಡಲಾಯಿತು. ಎಚ್ಚರ ತಪ್ಪಿ ಬಿದ್ದು ಕೈಕಾಲು ಸೆಟೆದು ಬಡಿದುಕೊಂಡದ್ದು ಉಂಟೇ? ಆಗ ನಾಲಿಗೆ ಕಚ್ಚಿಕೊಂಡದ್ದು, ಬಟ್ಟೆಯಲ್ಲೇ ಮೂತ್ರ ಹೋದದ್ದು ಉಂಟೇ? ಕರೆದರೂ ಕೇಳದೆ ಕೆಲವು ಕ್ಷಣ ದಿಟ್ಟಿಸುತ್ತ ನಿಂತದ್ದು? ಬೆಳಗ್ಗೆ ಕೈ ಜಿಗಿದು ಹಿಡಿದ ವಸ್ತು ಬಿದ್ದದ್ದು? ಪದ ಇಲ್ಲಿ ಮುಖ್ಯ. "ಅಪಸ್ಮಾರ" ಎಂದರೆ ಬಹಳ ಮನೆಗಳಲ್ಲಿ ತಿಳಿಯುವುದಿಲ್ಲ. "ಫಿಟ್ಸ್", "ಮೂರ್ಛಿ" ಎಂದರೆ ತಿಳಿಯುತ್ತದೆ, ಆದರೆ ಬಾಗಿಲು ಮುಚ್ಚುತ್ತದೆ. "ಗಾಳಿ ಸೋಕೈತೇನ್ರಿ, ಒಮ್ಮೊಮ್ಮೆ ಖಬರಿಲ್ಲದ ಬೀಳ್ತಾರೇನ್ರಿ?" ಎಂದು ಕೇಳಿದರೆ ಅಡುಗೆಮನೆಯಿಂದ ಅಜ್ಜಿ ಹೊರಗೆ ಬಂದು ಪೂರ್ತಿ ಹೇಳುತ್ತಾಳೆ.

ಜೊತೆಗೆ ಒಂದು ಸೂಚನೆ: ಮತ್ತೆ ಬಂದಾಗ ಒಬ್ಬರು ಮೊಬೈಲಿನಲ್ಲಿ ವಿಡಿಯೋ ತೆಗೆಯಲಿ, ಮುಖ ಮತ್ತು ಎರಡೂ ಕೈ ಕಾಣುವ ಹಾಗೆ, ಶುರುವಾದ ಹೊತ್ತು ಬಾಯಲ್ಲಿ ಹೇಳುತ್ತ. ಇನ್ನೊಬ್ಬರು ರೋಗಿಯನ್ನು ಮಗ್ಗುಲಾಗಿ ಮಲಗಿಸಲಿ. ಬಾಯಿಗೆ ಚಮಚ, ನೀರು ಏನೂ ಹಾಕಬೇಡಿ, ಒತ್ತಿ ಹಿಡಿಯಬೇಡಿ. ಕೈಗೆ ಕಬ್ಬಿಣ ಕೊಡುವುದರಿಂದ, ಉಳ್ಳಾಗಡ್ಡಿ ಮೂಸಿಸುವುದರಿಂದ ಫಿಟ್ಸ್ ನಿಲ್ಲುವುದಿಲ್ಲ. ಅದು ಬಹುತೇಕ ಒಂದೆರಡು ನಿಮಿಷಕ್ಕೆ ತಾನೇ ನಿಲ್ಲುತ್ತದೆ. 5 ನಿಮಿಷ ದಾಟಿದರೆ 108ಕ್ಕೆ ಕರೆ ಮಾಡಿ. ನರರೋಗ ತಜ್ಞರಿಗೆ ಅರ್ಧ ನಿಮಿಷದ ಇಂಥ ವಿಡಿಯೋ ಎಷ್ಟೋ ಸಲ ಅರ್ಧ ಗಂಟೆಯ ಇಇಜಿಗಿಂತ ಹೆಚ್ಚು ಹೇಳುತ್ತದೆ.

ತಲೆಯ ಎಣ್ಣೆ, ಮಗ್ಗದ ಕರೆಂಟು

ಮಿದುಳಿನ ಅಲೆ ನೆತ್ತಿಯ ಚರ್ಮಕ್ಕೆ ಬರುವ ಹೊತ್ತಿಗೆ ಮೈಕ್ರೋವೋಲ್ಟ್‌ಗಳಲ್ಲಿ ಅಳೆಯುವಷ್ಟು ಕ್ಷೀಣವಾಗಿರುತ್ತದೆ, ಸಾಮಾನ್ಯವಾಗಿ ಹತ್ತರಿಂದ ನೂರು. ಗೋಡೆಯ ತಂತಿಯಲ್ಲಿರುವುದು 230 ವೋಲ್ಟ್. ಈ ಎರಡರ ನಡುವೆ ನಿಲ್ಲುವುದು ತಂತಿಯನ್ನು ತಲೆಗೆ ಅಂಟಿಸುವ ಒಂದು ಚಿಟಿಕೆ ಪೇಸ್ಟು.

ಎಲೆಕ್ಟ್ರೋಡ್ (ತಂತಿಯ ತುದಿಯ ಲೋಹದ ಬಿಲ್ಲೆ) ಮತ್ತು ಚರ್ಮದ ನಡುವಿನ ವಿದ್ಯುತ್ ತಡೆ 5 ಕಿಲೋಓಮ್‌ಗಿಂತ ಕೆಳಗಿರಬೇಕು. ಕೊಬ್ಬರಿ ಎಣ್ಣೆ ಹಚ್ಚಿ ಬಿಗಿಯಾಗಿ ಜಡೆ ಹೆಣೆದು ಬಂದ ತಲೆಯಲ್ಲಿ ಅದು 30, 40ರ ಕೆಳಗೆ ಇಳಿಯುವುದೇ ಇಲ್ಲ. ಒತ್ತಿ ಉಜ್ಜಿದರೆ ಚರ್ಮ ಕೆಂಪಾಗುತ್ತದೆಯೇ ಹೊರತು ಎಣ್ಣೆ ಹೋಗುವುದಿಲ್ಲ. ಆದ್ದರಿಂದ ಸೂಚನೆ ಹಿಂದಿನ ದಿನವೇ ಫೋನಿನಲ್ಲಿ ಹೋಗಬೇಕು: "ರಾತ್ರಿ ಶಾಂಪೂ ಹಚ್ಚಿ ತಲಿ ಎರಕೊಳ್ರಿ, ಎಣ್ಣಿ ಹಚ್ಚಬ್ಯಾಡ್ರಿ. ಹೊಟ್ಟಿ ತುಂಬ ಉಂಡು ಬರ್ರಿ. ಗುಳಿಗಿ ಬಿಡಬ್ಯಾಡ್ರಿ." ಕೊನೆಯ ಎರಡು ವಾಕ್ಯ ಬಿಟ್ಟರೆ ಏನಾಗುತ್ತದೆ? ಆಸ್ಪತ್ರೆಯ ತಪಾಸಣೆ ಎಂದರೆ ಖಾಲಿ ಹೊಟ್ಟೆ ಎಂದುಕೊಂಡು ಜನ ಉಪವಾಸ ಬರುತ್ತಾರೆ, ಗುಳಿಗೆಯನ್ನೂ ಬಿಟ್ಟಿರುತ್ತಾರೆ. ಸಕ್ಕರೆ ಇಳಿದರೆ ಅಲೆಗಳೇ ಬದಲಾಗುತ್ತವೆ. ಗುಳಿಗೆ ತಪ್ಪಿದರೆ ಬಸ್ಸಿನಲ್ಲೇ ಫಿಟ್ಸ್ ಬರಬಹುದು. ನಿದ್ದೆಗೆಟ್ಟು ಬರಬೇಕೆಂದು ಹೇಳಿಸಿಕೊಂಡ ರೋಗಿಗಳು ತಾವೇ ಬೈಕ್ ಓಡಿಸಿಕೊಂಡು ಬರಕೂಡದು.

ಎಲೆಕ್ಟ್ರೋಡ್ ಎಲ್ಲಿಡಬೇಕು ಎಂಬುದಕ್ಕೆ 1958ರಿಂದ ಬಂದ 10-20 ಪದ್ಧತಿ ಇದೆ. ಮೂಗಿನ ಬುಡದ ಗುಳಿಯಿಂದ ತಲೆಯ ಹಿಂದಿನ ಎಲುಬಿನ ಗುಬ್ಬಿಯವರೆಗೆ ಟೇಪು ಹಿಡಿಯಿರಿ. 36 ಸೆಂ.ಮೀ. ಬಂತು ಎನ್ನಿ. ನಡುಗೆರೆಯ ಮೇಲೆ 3.6, 10.8, 18, 25.2, 32.4 ಸೆಂ.ಮೀ.ಗೆ ಗುರುತು. ಅಂದರೆ ಮೊದಲು ಹತ್ತರಷ್ಟು ಪಾಲು, ಆಮೇಲೆ ಇಪ್ಪತ್ತರಷ್ಟು. ಕಿವಿಯಿಂದ ಕಿವಿಗೂ, ತಲೆಯ ಸುತ್ತಲೂ ಇದೇ ಲೆಕ್ಕ. ಕಣ್ಣಂದಾಜಿನಲ್ಲಿ ಇಟ್ಟರೆ ಎಡಬಲ ಹೆಚ್ಚುಕಡಿಮೆಯಾಗಿ, ಒಂದು ಬದಿಯ ಅಲೆ ಚಿಕ್ಕದಾಗಿ ಕಂಡು, ಇಲ್ಲದ ದೋಷ ಹುಟ್ಟುತ್ತದೆ. ಹೊಸ ತಂತ್ರಜ್ಞೆಗೆ ಮೊದಲ ತಿಂಗಳು ಅಳತೆಗೇ 15 ನಿಮಿಷ ಬೇಕು, ಬೇಕಾದಷ್ಟು ಕೊಡಿ.

ಆಮೇಲೆ ಕರೆಂಟು. ಮಗ್ಗದ ಊರುಗಳಲ್ಲಿ ಗೋಡೆಯಾಚೆ ವಿದ್ಯುತ್ ಮಗ್ಗದ ಮೋಟಾರು ಓಡುತ್ತಿರುತ್ತದೆ. ಪರದೆಯ ಮೇಲೆ ಕರೆಂಟಿನ 50 ಹರ್ಟ್ಜ್‌ನ ದಪ್ಪ ಪಟ್ಟಿ ಬಂದ ಕೂಡಲೇ ಫಿಲ್ಟರ್ ಒತ್ತಿ ಅಳಿಸುವುದು ಸುಲಭ. ಹಾಗೆ ಮಾಡಬೇಡಿ, ಆ ಪಟ್ಟಿ ಏನೋ ಹೇಳುತ್ತಿದೆ. ಒಂದೇ ಸಾಲಿನಲ್ಲಿ ಬಂದರೆ ಆ ಎಲೆಕ್ಟ್ರೋಡ್ ಸಡಿಲ ಅಥವಾ ತಂತಿ ಒಳಗೆ ಮುರಿದಿದೆ. ಎಲ್ಲ ಸಾಲಿನಲ್ಲೂ ಬಂದರೆ ಹಣೆಯ ಮೇಲಿನ ಗ್ರೌಂಡ್ ಎಲೆಕ್ಟ್ರೋಡ್, ಇಲ್ಲವೇ ಕೋಣೆಯ ಅರ್ಥಿಂಗ್ ಕೆಟ್ಟಿದೆ. ಬೇಸಿಗೆಯಲ್ಲಿ ಅರ್ಥಿಂಗ್ ಗುಂಡಿ ಒಣಗಿ ಬಿರುಕು ಬಿಡುತ್ತದೆ. ವಾರಕ್ಕೆರಡು ಸಲ ಎರಡು ಕೊಡ ನೀರು ಹಾಕಿಸುವುದು ಯಂತ್ರದ ನಿರ್ವಹಣೆಯ ಪಟ್ಟಿಯಲ್ಲೇ ಇರಬೇಕು. ದಾಖಲಿಸುವಾಗ ಲ್ಯಾಪ್‌ಟಾಪಿನ ಚಾರ್ಜರ್ ಕಿತ್ತು ಬ್ಯಾಟರಿಯಲ್ಲೇ ನಡೆಸಿ. ಚೌಕಾಕಾರದ ಅಲೆ ಕೊಡುವ ಅಗ್ಗದ ಇನ್ವರ್ಟರಿನಲ್ಲಂತೂ ಬೇಡವೇ ಬೇಡ. ಟ್ಯೂಬ್‌ಲೈಟ್ ಆರಿಸಿ. ಫ್ಯಾನಿನ ಗಾಳಿಗೆ ತಂತಿ ಅಲುಗಿದರೂ ನಿಧಾನ ಅಲೆಯ ಹಾಗೆ ಕಾಣುತ್ತದೆ. ಆದರೆ ಏಪ್ರಿಲ್, ಮೇ ತಿಂಗಳಲ್ಲಿ ಫ್ಯಾನು ನಿಲ್ಲಿಸಿದರೆ ಬೆವರು, ಬೆವರಿನಿಂದ ಇನ್ನೊಂದು ಬಗೆಯ ನಿಧಾನ ಅಲೆ! ಆ ಎರಡು ತಿಂಗಳು ಬೆಳಗ್ಗೆ 7ರಿಂದ 10ರೊಳಗೆ ಇಇಜಿ ಮುಗಿಸುವುದೊಂದೇ ದಾರಿ.

ದಾಖಲೆ ಕನಿಷ್ಠ 20 ನಿಮಿಷ, ಸಾಧ್ಯವಾದರೆ 30. ನಡುವೆ 3 ನಿಮಿಷ ಜೋರಾಗಿ ಉಸಿರಾಡಿಸಬೇಕು. ಮಕ್ಕಳ ಕೈಗೆ ಜಾತ್ರೆಯ ಕಾಗದದ ಗಿರಗಿಟ್ಟಲೆ ಕೊಟ್ಟು ಊದಲು ಹೇಳಿದರೆ ಸಲೀಸು. ಹೃದ್ರೋಗ, ಹೆಚ್ಚಿನ ಉಬ್ಬಸ ಇರುವವರಿಗೆ, ಇತ್ತೀಚೆಗೆ ಪಾರ್ಶ್ವವಾಯು ಆದವರಿಗೆ ಇದನ್ನು ಬಿಡಿ. ಕೊನೆಗೆ ಮಿನುಗು ದೀಪ, ಆಮೇಲೆ ಬಿಸಿನೀರು. ಪೇಸ್ಟು ಮೆತ್ತಿದ ತಲೆಯಲ್ಲಿ ಬಸ್‌ ನಿಲ್ದಾಣಕ್ಕೆ ಹೋಗಲು ಯಾವ ಹೆಣ್ಣುಮಗಳೂ ಒಪ್ಪುವುದಿಲ್ಲ. ಒಂದು ಬಕೆಟ್ ಬಿಸಿನೀರು ಮತ್ತು ಒಂದು ಶಾಂಪೂ ಚೀಟಿ ಇಲ್ಲದ ಇಇಜಿ ಕೋಣೆಗೆ ಎರಡನೆಯ ಸಲ ಜನ ಬರುವುದಿಲ್ಲ.

ಕಡತ ಕಳಿಸುವುದು ಕಷ್ಟವಲ್ಲ. 21 ಸಾಲು, ಸೆಕೆಂಡಿಗೆ 256 ಮಾದರಿ, ಮಾದರಿಗೆ 2 ಬೈಟ್, 1,800 ಸೆಕೆಂಡ್: ಸುಮಾರು 19.4 ಎಂಬಿ. ಸಾಧಾರಣ 4ಜಿ ಸಾಕು. ಜೊತೆಗೆ ವಿಡಿಯೋ ಸೇರಿಸಿದರೆ, ಸೆಕೆಂಡಿಗೆ 1 ಮೆಗಾಬಿಟ್‌ನಂತೆ 225 ಎಂಬಿ ಆಗುತ್ತದೆ, ಹಾಗಾಗಿ ಬೇಕಾದ ತುಣುಕಷ್ಟೇ. ಎಡವುವುದು ಇನ್ನೊಂದು ಕಡೆ. ಕಡತದ ಹೆಸರನ್ನು "ರೋಗಿ 47" ಎಂದು ಬದಲಿಸಿ ಗುಟ್ಟು ಕಾಪಾಡಿದೆವು ಎಂದುಕೊಳ್ಳುತ್ತಾರೆ. ಇಇಜಿ ದಾಖಲೆಗೆ ಬಳಸುವ ಇಡಿಎಫ್ ಮಾದರಿಯ ಕಡತದ ತಲೆಭಾಗದಲ್ಲಿ ರೋಗಿಯ ವಿವರಕ್ಕೆಂದೇ 80 ಅಕ್ಷರಗಳ ಜಾಗವಿದೆ. ಹೆಸರು, ಹುಟ್ಟಿದ ದಿನ ಅಲ್ಲೇ ಕೂತಿರುತ್ತವೆ. ಅದನ್ನು ಅಳಿಸದೆ ಕಡತ ಆಸ್ಪತ್ರೆಯಿಂದ ಹೊರಗೆ ಹೋಗಬಾರದು.

ಸಹಿ ಯಾರದು?

ನರವಿಜ್ಞಾನಿ ವೈದ್ಯರಲ್ಲ. ಪಿಎಚ್‌.ಡಿ. ಇರುವವರು ಅಲೆಯನ್ನು ಎಷ್ಟೇ ಚೆನ್ನಾಗಿ ಓದಿದರೂ ರೋಗನಿರ್ಣಯದ ವರದಿಗೆ ಸಹಿ ಹಾಕುವಂತಿಲ್ಲ, ಮದ್ದು ಬರೆಯುವಂತಿಲ್ಲ. "ಮೇಡಂ, ನೀವ ಡಾಕ್ಟರಲ್ಲೇನ್ರಿ, ಗುಳಿಗಿ ಬರದ ಕೊಡ್ರಲ್ಲ" ಎಂದು ದಿನಕ್ಕೆ ನಾಲ್ಕು ಜನ ಕೇಳುವ ಕಡೆ ಇದು ಬರೀ ಕಾಗದದ ನಿಯಮವಲ್ಲ. ವರದಿ ಬೆಳಗಾವಿಯಲ್ಲೋ ಹುಬ್ಬಳ್ಳಿಯಲ್ಲೋ ಕುಳಿತ ನರರೋಗ ತಜ್ಞರದು, ಮದ್ದಿನ ಚೀಟಿ ತಾಲೂಕು ಆಸ್ಪತ್ರೆಯ ವೈದ್ಯರದು.

ಇಇಜಿಯಿಂದ ಚಿಕಿತ್ಸೆ ನಿಜವಾಗಿ ಬದಲಾಗುವ ಒಂದು ಬಗೆಯನ್ನು ಹತ್ತಿರದಿಂದ ನೋಡಬೇಕು. 15 ವರ್ಷದ ಹುಡುಗಿ, ಖಣ ನೇಯುವ ಮನೆ. ಬೆಳಗ್ಗೆ ಎದ್ದು ಮಗ್ಗದ ಮುಂದೆ ಕೂತರೆ ಕೈ ಜಿಗಿದು ಲಾಳಿ ಬೀಳುತ್ತದೆ, ಚಹಾದ ಕಪ್ಪು ಚೆಲ್ಲುತ್ತದೆ. ಮನೆಯವರಿಗೆ ಅದು ಅಲಕ್ಷ್ಯ, "ಲಕ್ಷ್ಯ ಎಲ್ಲೈತಿ ನಿಂದು" ಎಂಬ ಬೈಗುಳ. ಒಂದು ದಿನ ನಿದ್ದೆಗೆಟ್ಟಾಗ ದೊಡ್ಡ ಫಿಟ್ಸ್ ಬರುತ್ತದೆ. ವೈದ್ಯರಿಗೆ ದೊಡ್ಡ ಫಿಟ್ಸಿನ ಕತೆ ಮಾತ್ರ ಹೇಳುತ್ತಾರೆ, ಅವರು ಕಾರ್ಬಮಾಜಪೀನ್ ಬರೆಯುತ್ತಾರೆ. ಕೈ ಜಿಗಿಯುವುದು ಹೆಚ್ಚಾಗುತ್ತದೆ. ಇಇಜಿಯಲ್ಲಿ ಎರಡೂ ಬದಿಗೆ ಒಟ್ಟಿಗೆ ಸೆಕೆಂಡಿಗೆ 4ರಿಂದ 6ರ ವೇಗದ ಚೂಪು ಅಲೆಗಳ ಗುಂಪು. ಇದು ಹದಿಹರೆಯದ ಮಯೋಕ್ಲೋನಿಕ್ (ಕೈಕಾಲು ಜಿಗಿಯುವ) ಅಪಸ್ಮಾರ. ಇದಕ್ಕೆ ಕಾರ್ಬಮಾಜಪೀನ್ ಬೆಂಕಿಗೆ ತುಪ್ಪ ಸುರಿದ ಹಾಗೆ. ವ್ಯಾಲ್ಪ್ರೊಯೇಟ್ ಚೆನ್ನಾಗಿ ಹಿಡಿಯುತ್ತದೆ, ಆದರೆ ಗರ್ಭದ ಶಿಶುವಿಗೆ ಅದರಿಂದ ಹಾನಿಯಾಗುವ ಸಂಭವ ಹೆಚ್ಚು. ನಾಲ್ಕೈದು ವರ್ಷದಲ್ಲಿ ಮದುವೆಯಾಗುವ ಹುಡುಗಿಗೆ ತಜ್ಞರು ಹೆಚ್ಚಾಗಿ ಲೆವೆಟಿರಾಸಿಟಮ್ ಕಡೆ ಹೋಗುತ್ತಾರೆ. ಯಂತ್ರ ತನ್ನ ಬೆಲೆ ತೀರಿಸುವುದು ಇಂಥ ಕಡೆ. ಉಳಿದ ಎಷ್ಟೋ ರೋಗಿಗಳಲ್ಲಿ ಫಿಟ್ಸನ್ನು ಕಣ್ಣಾರೆ ಕಂಡವರ ಮಾತೇ ಸಾಕು. ಇಇಜಿಯಲ್ಲಿ ದೋಷ ಕಾಣಲಿಲ್ಲವೆಂದು ಮದ್ದು ತಡೆಯುವುದು ತಪ್ಪು, ಇಇಜಿಗೆಂದು ತಿಂಗಳುಗಟ್ಟಲೆ ಕಾಯಿಸುವುದೂ ತಪ್ಪು.

ಮೊದಲ ಸಲ ಫಿಟ್ಸ್ ಬಂದ ದೊಡ್ಡವರಿಗೆ ತಲೆಯ ಸ್ಕ್ಯಾನ್ ಬೇಕು, ಅದಕ್ಕೆ ಇಇಜಿ ಬದಲಿಯಲ್ಲ. ಲಾಡಿಹುಳುವಿನ ಮರಿಕೋಶ ಮಿದುಳಿನಲ್ಲಿ ಕೂತು ಬರುವ ಫಿಟ್ಸ್ ನಮ್ಮಲ್ಲಿ ಸಾಮಾನ್ಯ. ಹಂದಿಮಾಂಸ ಮುಟ್ಟದ ಮನೆಯಲ್ಲೂ ಬರುತ್ತದೆ, ಏಕೆಂದರೆ ಹುಳುವಿನ ಮೊಟ್ಟೆ ಒಳಗೆ ಹೋಗುವುದು ಮಲ ಸೋಕಿದ ನೀರು, ತೊಳೆಯದ ಸೊಪ್ಪು, ಕೈ ಇವುಗಳಿಂದ.

ಗುಳಿಗೆ

ಆರನೆಯ ತಿಂಗಳು ವಿಜ್ಞಾನಿ ತಮ್ಮ ವರದಿ ತೆರೆದರು. ಎಷ್ಟು ಇಇಜಿ, ಎಷ್ಟು ಗಂಟೆಯಲ್ಲಿ ವರದಿ, ಎಷ್ಟು ಶುದ್ಧ ದಾಖಲೆ, ಎಲ್ಲ ಇತ್ತು. ಫಿಟ್ಸ್ ನಿಂತವರು ಎಷ್ಟು ಎಂಬ ಕಾಲಂ ಇರಲಿಲ್ಲ. ಫೋನು ಮಾಡಿ ಕೇಳಿದಾಗ ಬಹಳ ಜನ ಗುಳಿಗೆಯನ್ನೇ ಬಿಟ್ಟಿದ್ದರು.

ಬಿಡಲು ಕಾರಣ ಒಂದಲ್ಲ. ಆಸ್ಪತ್ರೆ ಒಮ್ಮೆಗೆ 10 ದಿನದ ಗುಳಿಗೆ ಕೊಡುತ್ತದೆ. ತಿಂಗಳಿಗೆ ಮೂರು ಸಲ ಬರಬೇಕು, ಮೂರು ದಿನದ ಪಗಾರ ಹೋಗುತ್ತದೆ. ದಾಸ್ತಾನು ತೀರಿದ ದಿನ ಇರುವ ಬೇರೆ ಮದ್ದನ್ನು ಕೊಟ್ಟು ಕಳಿಸುತ್ತಾರೆ, ಹಳೆಯದನ್ನು ದಿಢೀರ್ ನಿಲ್ಲಿಸಿದ ಹಾಗಾಗುತ್ತದೆ. ಇದು ಅಪಾಯ: ಒಮ್ಮೆಲೇ ನಿಂತರೆ ಫಿಟ್ಸ್ ನಿಲ್ಲದೇ ಬರುವ ಸ್ಥಿತಿಗೆ ಹೋಗಬಹುದು, ಜೀವಕ್ಕೇ ಸಂಚಕಾರ. ಕಬ್ಬು ಕಡಿಯಲು, ಕಟ್ಟಡದ ಕೆಲಸಕ್ಕೆ ಮಹಾರಾಷ್ಟ್ರ, ಗೋವಾ ಕಡೆ ದುಡಿಯಲು ಹೋದವರು ತಿಂಗಳುಗಟ್ಟಲೆ ಬರುವುದಿಲ್ಲ. ಮೂರು ತಿಂಗಳು ಫಿಟ್ಸ್ ಬರಲಿಲ್ಲ ಎಂದರೆ "ಆರಾಮ ಆತು" ಎಂದು ಬಿಡುವವರು ಎಲ್ಲರಿಗಿಂತ ಹೆಚ್ಚು. ಕನಿಷ್ಠ ಎರಡು ವರ್ಷ ಫಿಟ್ಸ್ ಇಲ್ಲದೆ ಕಳೆದ ಮೇಲೆ, ವೈದ್ಯರ ಮಾತಿನಂತೆ ಮೆಲ್ಲಗೆ ಇಳಿಸುವುದನ್ನು ಯೋಚಿಸಬೇಕು ಎಂದು ಅವರಿಗೆ ಯಾರೂ ಹೇಳಿರುವುದಿಲ್ಲ. ಶ್ರಾವಣದ ಉಪವಾಸದ ದಿನ ಗುಳಿಗೆಯನ್ನೂ ಬಿಡುತ್ತಾರೆ. ಬನದ ಹುಣ್ಣಿಮೆಗೆ ಬನಶಂಕರಿ ಜಾತ್ರೆ. ಬೆಳತನಕ ನಾಟಕ, ನಿದ್ದೆಯಿಲ್ಲ, ರಾತ್ರಿಯ ಗುಳಿಗೆ ಮನೆಯಲ್ಲೇ ಉಳಿದಿರುತ್ತದೆ. ಅಪಸ್ಮಾರಕ್ಕೆ ಇದಕ್ಕಿಂತ ಕೆಟ್ಟ ಜೋಡಿ ಇಲ್ಲ. ಜಾತ್ರೆಗೆ ಹೋಗಬೇಡಿ ಎಂದರೆ ಯಾರೂ ಕೇಳುವುದಿಲ್ಲ, ಹೇಳುವುದೂ ಬೇಡ. ಜೇಬಿನಲ್ಲಿ ಎರಡು ಗುಳಿಗೆ, ಮಧ್ಯಾಹ್ನ ಒಂದು ಒಳ್ಳೆಯ ನಿದ್ದೆ, ನಾಟಕ ಒಂದೇ ರಾತ್ರಿ.

ಇನ್ನೊಂದು ಕಣ್ಣಿಗೆ ಬೀಳದ ಕಾರಣ ಇದೆ. ಔಷಧ ಕೊಡುವ ಕಿಟಕಿಯಲ್ಲಿ ಗುಳಿಗೆಗಳನ್ನು ಹಾಳೆಯಿಂದ (ಸ್ಟ್ರಿಪ್) ಬಿಡಿಸಿ ಕಾಗದದ ಪೊಟ್ಟಣ ಕಟ್ಟುತ್ತಾರೆ. ವ್ಯಾಲ್ಪ್ರೊಯೇಟ್ ಗಾಳಿಯ ತೇವ ಹೀರಿ ಅಂಟಂಟಾಗುತ್ತದೆ. ಕಾರ್ಬಮಾಜಪೀನ್ ತೇವ ಹಿಡಿದರೆ ಗಟ್ಟಿಯಾಗಿ, ಹೊಟ್ಟೆಯಲ್ಲಿ ಸರಿಯಾಗಿ ಕರಗದೆ ಶಕ್ತಿ ಕಳೆದುಕೊಳ್ಳುತ್ತದೆ. ರೋಗಿ ತಪ್ಪದೆ ನುಂಗಿಯೂ ಫಿಟ್ಸ್ ಬಂದಾಗ "ಈ ಗುಳಿಗಿ ಹಿಡಿಯಂಗಿಲ್ಲ" ಎಂದು ಮಂತ್ರಿಸುವವರ ಬಳಿ ಹೋದರೆ ಅವನದೇನು ತಪ್ಪು? ಹಾಳೆಯೊಂದಿಗೇ ಕತ್ತರಿಸಿ ಕೊಡಿ, ಅಡುಗೆಮನೆಯ ಒಲೆಯ ಗೂಡಿನಲ್ಲಿ ಇಡಬೇಡಿ ಎನ್ನಿ.

ಪರಿಹಾರವಾಗಿ ಬಂದದ್ದು ಒಂದು ಉದ್ದ ನೋಂದಣಿ ಪುಸ್ತಕ, ಅದರಲ್ಲಿ ಒಂದು ಹೊಸ ಕಾಲಂ: ಗುಳಿಗೆ ಮುಗಿಯುವ ದಿನ. ಜೂನ್ 3ರಂದು 60 ಗುಳಿಗೆ ಕೊಟ್ಟಿದೆ, ದಿನಕ್ಕೆ 2, ಅಂದಿನಿಂದಲೇ ಶುರು. ಮುಗಿಯುವ ದಿನ ಜುಲೈ 2. ಏಳು ದಿನ ಮೊದಲು, ಜೂನ್ 25ಕ್ಕೆ, ಆಶಾ ಕಾರ್ಯಕರ್ತೆಗೆ ಆ ಹೆಸರು ಹೋಗುತ್ತದೆ. ಆಕೆ ಮನೆಗೆ ಹೋಗಿ ಉಳಿದ ಗುಳಿಗೆ ಎಣಿಸುತ್ತಾಳೆ. ಅಂದು ಬೆಳಗಿನದು ನುಂಗುವ ಮೊದಲು 16 ಇರಬೇಕು. 30 ಇದ್ದರೆ ಏಕೆ ಎಂದು ಕೇಳುತ್ತಾಳೆ, ಬೈಯುವುದಿಲ್ಲ. ನಿದ್ದೆ ಬರುತ್ತದೆ, ತಲೆ ತಿರುಗುತ್ತದೆ ಎಂಬ ಉತ್ತರ ಬಂದರೆ ಅದು ವೈದ್ಯರಿಗೆ ಹೋಗಬೇಕಾದ ಸುದ್ದಿ. ದುಡಿಯಲು ಹೋಗುವವರಿಗೆ ವೈದ್ಯರು ಒಪ್ಪಿದರೆ ಮೂರು ತಿಂಗಳದು ಒಮ್ಮೆಗೇ.

ದಾಸ್ತಾನಿನ ಲೆಕ್ಕ: ಪುಸ್ತಕದಲ್ಲಿ 300 ಜನ ಎಂದು ಹಿಡಿಯೋಣ, ದಿನಕ್ಕೆ 2, ತಿಂಗಳಿಗೆ 18,000 ಗುಳಿಗೆ. ಎರಡು ತಿಂಗಳ ಆಪತ್ಕಾಲದ ದಾಸ್ತಾನು 36,000 ಗುಳಿಗೆ. ಗುಳಿಗೆಗೆ 2 ರೂಪಾಯಿ ಹಿಡಿದರೆ 72,000 ರೂಪಾಯಿ. 3 ಲಕ್ಷದ ಯಂತ್ರದ ಬೆಲೆಯಲ್ಲಿ ಕಾಲುಪಾಲೂ ಅಲ್ಲ. ಆದರೂ ಯೋಜನೆಯ ಮೊದಲ ಅಂದಾಜುಪಟ್ಟಿಯಲ್ಲಿ ಈ ಸಾಲೇ ಇರಲಿಲ್ಲ.

ಮೂರು ದೋಣಿ: ಸಂಶೋಧನೆ, ಕಂಪನಿ, ಸೇವೆ

ಯಂತ್ರ ಚೆನ್ನಾಗಿದೆಯೇ ಎಂದು ಪರೀಕ್ಷಿಸುವವರು ಯಂತ್ರ ಮಾರುವವರೇ ಆದರೆ ಆ ಉತ್ತರವನ್ನು ಯಾರೂ ನಂಬಬೇಕಿಲ್ಲ. ಇಲ್ಲಿ ಮಾಡಿದ ವ್ಯವಸ್ಥೆ ಹೀಗೆ: ಒಂದೇ ಜೊತೆ ಎಲೆಕ್ಟ್ರೋಡಿನಿಂದ ಸಂಕೇತವನ್ನು ಕವಲೊಡೆಸಿ ಎರಡೂ ಯಂತ್ರಕ್ಕೆ ಒಟ್ಟಿಗೆ ಕೊಡುವುದು, ಕಡತ ಯಾವ ಯಂತ್ರದ್ದೆಂದು ತಿಳಿಯದ ಇಬ್ಬರು ತಜ್ಞರು ಬೇರೆಬೇರೆಯಾಗಿ ಓದುವುದು, ಅಂಕಿಅಂಶವನ್ನು ಹೊರಗಿನವರು ನೋಡುವುದು. ಮೊದಲ ವ್ಯಕ್ತಿಯನ್ನು ಸೇರಿಸಿಕೊಳ್ಳುವ ಮೊದಲೇ ನೋಂದಾಯಿತ ನೈತಿಕ ಸಮಿತಿಯ ಒಪ್ಪಿಗೆ ಬೇಕು. ಒಪ್ಪಿಗೆ ಪತ್ರ ಕನ್ನಡದಲ್ಲಿ, ಓದಿ ಹೇಳಿ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಐಸಿಎಂಆರ್‌ನ 2017ರ ಮಾರ್ಗಸೂಚಿಯಂತೆ 7 ವರ್ಷ ದಾಟಿದ ಮಕ್ಕಳ ಸಮ್ಮತಿಯೂ ಬೇಕು. ಒಪ್ಪಿಗೆ ಕೇಳುವವರು ಕಂಪನಿಯ ಒಡತಿ ಆಗಿರಬಾರದು. ಎದುರಿಗೆ ಅವರಿದ್ದರೆ ಬಡವರ ಬಾಯಲ್ಲಿ "ಇಲ್ಲ" ಬರುವುದಿಲ್ಲ. "ಒಪ್ಪದಿದ್ದರೂ ಗುಳಿಗಿ ಸಿಗತೈತಿ" ಎಂಬ ವಾಕ್ಯ ಮೊದಲ ಸಾಲಿನಲ್ಲೇ ಇರಲಿ.

ಪರವಾನಗಿಯದು ಬೇರೆಯೇ ಹಾದಿ. ವೈದ್ಯಕೀಯ ಸಾಧನಗಳ ನಿಯಮ 2017ರಡಿ ಸಾಧನಗಳು ಎ, ಬಿ, ಸಿ, ಡಿ ಎಂದು ಅಪಾಯದ ಮೇಲೆ ವಿಂಗಡ. ಎ ಮತ್ತು ಬಿ ವರ್ಗಕ್ಕೆ 2022ರ ಅಕ್ಟೋಬರ್ 1ರಿಂದ, ಸಿ ಮತ್ತು ಡಿ ವರ್ಗಕ್ಕೆ 2023ರ ಅಕ್ಟೋಬರ್ 1ರಿಂದ ಪರವಾನಗಿ ವ್ಯವಸ್ಥೆ ಕಡ್ಡಾಯ. ಪರೀಕ್ಷೆಗೆಂದು ಕೆಲವೇ ಯಂತ್ರ ತಯಾರಿಸಲೂ ಎಂಡಿ-12 ಅರ್ಜಿ, ಎಂಡಿ-13 ಅನುಮತಿ ಬೇಕು. ತಂತ್ರಾಂಶವೂ ಸಾಧನವೇ. "ಬರೀ ಆಪ್ ಅಲ್ಲವೇ" ಎಂದು ಬಿಡುವಂತಿಲ್ಲ. ಕಾಗದಪತ್ರಕ್ಕೆ ಹಿಡಿಯುವ ಕಾಲವನ್ನು ಅನುದಾನದ ಕಾಲದೊಳಗೇ ಎಣಿಸಬೇಕು: ಜೈವಿಕ ತಂತ್ರಜ್ಞಾನದ ಹೊಸ ಕಂಪನಿಗಳಿಗೆ ನೆರವಾಗುವ ಕೇಂದ್ರ ಸರ್ಕಾರದ ಸಂಸ್ಥೆ ಬೈರಾಕ್‌ನ ಬಿಗ್ ಅನುದಾನ 18 ತಿಂಗಳಿಗೆ 50 ಲಕ್ಷ ರೂಪಾಯಿವರೆಗೆ ಸಿಗುತ್ತದೆ, ಆದರೆ ಅದು ಆವಿಷ್ಕಾರದ ಸಾಕ್ಷ್ಯಕ್ಕೆ, ಊರಿನ ಗುಳಿಗೆ ಖರ್ಚಿಗಲ್ಲ.

ಗುಳಿಗೆಗೆ, ಆಶಾ ತರಬೇತಿಗೆ ಕಂಪನಿಗಳ ಸಾಮಾಜಿಕ ಹೊಣೆಯ ಸಿಎಸ್‌ಆರ್ ಹಣ ಕೇಳಬಹುದು. ಅದನ್ನು ಬಳಸಿ ಕೆಲಸ ನಡೆಸುವ ಸಂಸ್ಥೆ ಲಾಭಕ್ಕೆ ನಿಂತ ಪ್ರೈವೇಟ್ ಲಿಮಿಟೆಡ್ ಆಗಿರುವಂತಿಲ್ಲ. ಲಾಭ ಹಂಚಿಕೊಳ್ಳದ ಸೆಕ್ಷನ್ 8 ಕಂಪನಿ, ಟ್ರಸ್ಟ್ ಅಥವಾ ಸಂಘ ಬೇಕು, ಸಿಎಸ್‌ಆರ್-1 ಎಂಬ ಸರ್ಕಾರಿ ನೋಂದಣಿ ಬೇಕು, ಮೂರು ವರ್ಷದ ಕೆಲಸದ ದಾಖಲೆ ಬೇಕು. ಹೊಸದಾಗಿ ಟ್ರಸ್ಟ್ ಕಟ್ಟಿ ಮರುತಿಂಗಳು ಹಣ ಕೇಳಿದರೆ ಸಿಗುವುದಿಲ್ಲ. ಆಗಲೇ ಹಳ್ಳಿಯಲ್ಲಿ ಕೆಲಸ ಮಾಡುತ್ತಿರುವ ಸಂಸ್ಥೆಯ ಜೊತೆ ಸೇರುವುದೇ ಸರಿ, ಆ ಸಂಸ್ಥೆ ಯಂತ್ರ ಕೊಳ್ಳುವ ನಿರ್ಧಾರದಲ್ಲಿ ಈ ವಿಜ್ಞಾನಿ ಕೂರದಿರುವುದೂ ಸರಿ.

ಒಂದು ಇಇಜಿಗೆ ಎಷ್ಟು?

ತಂತ್ರಜ್ಞೆಯ ಸಂಬಳ 18,000, ಯಂತ್ರದ ಸವಕಳಿ 5 ವರ್ಷಕ್ಕೆ ಹರಡಿ ತಿಂಗಳಿಗೆ 5,000, ಇಂಟರ್ನೆಟ್, ದುರಸ್ತಿ, ಓಡಾಟ 4,000. ಒಟ್ಟು 27,000. ಪ್ರತಿ ಇಇಜಿಗೆ ತಜ್ಞರ ಓದು 250, ಪೇಸ್ಟು, ಹತ್ತಿ, ಶಾಂಪೂ ಸೇರಿ 60. ತಿಂಗಳಿಗೆ 60 ಇಇಜಿ ಆದರೆ ಒಂದಕ್ಕೆ 760 ರೂಪಾಯಿ, 100 ಆದರೆ 580. ಕಾಗದದ ಮೇಲೆ ದಾರಿ ಸ್ಪಷ್ಟ: ಹೆಚ್ಚು ಇಇಜಿ ಮಾಡಿ.

ಕಂಪನಿ ಕೆಡುವುದೂ ಇಲ್ಲೇ. ಇಇಜಿ ಲೆಕ್ಕದಲ್ಲಿ ಹಣ ಬಂದರೆ ಬೇಡದವರಿಗೂ ಇಇಜಿ, ಆರು ತಿಂಗಳಿಗೊಮ್ಮೆ ಮತ್ತೊಂದು ಇಇಜಿ. ಆಶಾ ಕಾರ್ಯಕರ್ತೆಗೆ ತಲೆಗೆ ಇಷ್ಟು ಎಂದು ಕೊಟ್ಟರೆ ಬಿಸಿಲಿಗೆ ತಲೆ ಸುತ್ತಿ ಬಿದ್ದವರೂ ಪಟ್ಟಿಯಲ್ಲಿ ಬರುತ್ತಾರೆ. ಅದಕ್ಕೇ ಆಸ್ಪತ್ರೆಯ ಜೊತೆಗಿನ ಒಪ್ಪಂದ ಬದಲಾಯಿತು: ಪುಸ್ತಕದ 300 ಜನರಲ್ಲಿ "ಈ ತಿಂಗಳು ಒಂದು ದಿನವೂ ಗುಳಿಗೆ ತಪ್ಪದ ರೋಗಿ" ಒಬ್ಬರಿಗೆ ತಿಂಗಳಿಗೆ 160 ರೂಪಾಯಿ. ಎಲ್ಲರೂ ತಪ್ಪದಿದ್ದರೆ 48,000. 50 ಇಇಜಿಯ ಖರ್ಚು 27,000 ಜೊತೆಗೆ 15,500, ಅಂದರೆ 42,500. ಉಳಿಯುವುದು 5,500. 300ರಲ್ಲಿ 34 ಜನ ಗುಳಿಗೆ ತಪ್ಪಿದರೂ 5,440 ಹೋಗುತ್ತದೆ, 35ನೆಯವರು ತಪ್ಪಿದರೆ ಕಂಪನಿಗೆ ನಷ್ಟ. ತೀರ ತೆಳು ಅಂಚು ಎಂದು ಹೂಡಿಕೆದಾರರು ಹೇಳುತ್ತಾರೆ, ಹೌದು. ಆದರೆ ಈಗ ಕಂಪನಿಯ ನಷ್ಟ ಮತ್ತು ರೋಗಿಯ ನಷ್ಟ ಒಂದೇ ದಿನ ಆಗುತ್ತವೆ, ಹಾಗಾಗಿ ಜೂನ್ 25ರ ಮನೆ ಭೇಟಿ ತಪ್ಪುವುದಿಲ್ಲ. ಗುಳಿಗೆ ಎಣಿಸಿದ ಲೆಕ್ಕವನ್ನು ಮಾತ್ರ ಕಂಪನಿಯವರು ಬರೆಯಕೂಡದು, ಆಸ್ಪತ್ರೆಯ ನರ್ಸ್ ತಿಂಗಳಿಗೆ 15 ಮನೆಗಳಿಗೆ ಚೀಟಿ ಎತ್ತಿ ಹೋಗಿ ನೋಡಬೇಕು. ಸರ್ಕಾರಿ ಪಾವತಿ ತಡವಾಗುವುದನ್ನು ನೆನೆದು ಮೂರು ತಿಂಗಳ ಖರ್ಚು, ಸುಮಾರು 1.3 ಲಕ್ಷ, ಬ್ಯಾಂಕಿನಲ್ಲಿ ಮುಟ್ಟದೆ ಇಡಬೇಕು.

ಅನುದಾನ ಮುಗಿಯುವ ಮಾತನ್ನು ಹದಿನಾರನೆಯ ತಿಂಗಳಿಗೆ ಬಿಡದೆ ಎಂಟನೆಯ ತಿಂಗಳಲ್ಲೇ ಆಸ್ಪತ್ರೆಯ ಆರೋಗ್ಯ ರಕ್ಷಾ ಸಮಿತಿಯ ಮುಂದೆ ಇಡಲಾಯಿತು. ಯಂತ್ರ ಯಾರದು, ಮುರಿದ ಎಲೆಕ್ಟ್ರೋಡ್ ತಂತಿಗೆ ಯಾವ ಲೆಕ್ಕಶೀರ್ಷಿಕೆ, ತಂತ್ರಜ್ಞೆ ಹೆರಿಗೆ ರಜೆಗೆ ಹೋದರೆ ತರಬೇತಾದ ಇನ್ನೊಬ್ಬರು ಯಾರು, ಎಲ್ಲ ಕಲಂ ಕಲಮಾಗಿ ಬರೆದರು. ಯಂತ್ರದ ಕಲಮಿಗೆ ಎರಡು ಸಭೆ ಹಿಡಿಯಿತು. ನೋಂದಣಿ ಪುಸ್ತಕದ ಕಲಮಿಗೆ ಐದು ನಿಮಿಷ: ಪುಸ್ತಕ ಆಸ್ಪತ್ರೆಯದು, ಔಷಧ ಕೊಡುವ ಕಿಟಕಿಯ ಒಳಬದಿಗೆ ಇರುತ್ತದೆ, ಪ್ರತಿ ಸೋಮವಾರ ಬೆಳಗ್ಗೆ ಮುಂದಿನ ವಾರ ಗುಳಿಗೆ ಮುಗಿಯುವವರ ಹೆಸರುಗಳನ್ನು ಔಷಧ ವಿತರಕರು ಆಶಾ ಕಾರ್ಯಕರ್ತೆಯರಿಗೆ ಓದಿ ಹೇಳಬೇಕು, ಕಂಪನಿ ಇರಲಿ ಇಲ್ಲದಿರಲಿ.